ಹಕೋನೆ

ಹಕೋನೆಯು ಜಪಾನ್ ದೇಶದ ಕನಗಾವಾ ಪ್ರಾಂತ್ಯದ ನೈಋತ್ಯ ಭಾಗದಲ್ಲಿರುವ ಒಂದು ಗಿರಿಪಟ್ಟಣ. ಬಿಸಿನೀರಿನ ಬುಗ್ಗೆಗಳು, ಆಶಿ ಸರೋವರ ಮತ್ತು ಫ್ಯೂಜಿ ಪರ್ವತದ ನೋಟಕ್ಕಾಗಿ ಇದು ಪ್ರಸಿದ್ಧವಾಗಿದೆ. ಫ್ಯೂಜಿ-ಹಕೋನೆ-ಇಜು ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಗೆ ಇದು ಸೇರುತ್ತದೆ. ಟೋಕಿಯೊ ಮತ್ತು ಕ್ಯೋಟೊ ನಗರಗಳ ನಡುವೆ ದೀರ್ಘ ಪ್ರವಾಸ ಕೈಗೊಳ್ಳುವ ವಿದೇಶಿ ಪ್ರವಾಸಿಗರು ಒಂದೆರಡು ದಿನ ತಂಗಿ ದಣಿವಾರಿಸಿಕೊಳ್ಳುವ ಸ್ಥಳಗಳಲ್ಲಿ ಹಕೋನೆ ಮುಖ್ಯವಾದುದು.

ಭೌಗೋಳಿಕ ಹಿನ್ನೆಲೆ

ಹಕೋನೆಯು ಜೀವಂತ ಜ್ವಾಲಾಮುಖಿಯೊಂದರ ಮೇಲೆ ನೆಲೆಗೊಂಡಿದೆ. ಇಲ್ಲಿನ ಅತ್ಯುನ್ನತ ಶಿಖರವಾದ ಕಾಮಿಯಾಮಾ 1,438 ಮೀಟರ್ ಎತ್ತರವಿದೆ. ಸುಮಾರು 3,000 ವರ್ಷಗಳ ಹಿಂದೆ ಈ ಶಿಖರದ ಒಂದು ಪಾರ್ಶ್ವ ಕುಸಿದು ಹಯಾಕಾವಾ ನದಿಯ ಹರಿವನ್ನು ತಡೆದುದರಿಂದ ಆಶಿ ಸರೋವರ ಉಂಟಾಯಿತು. ಗಂಧಕದ ಹೊಗೆಯುಗುಳುವ ಓವಾಕುದಾನಿ ಕಣಿವೆ ರೂಪುಗೊಂಡದ್ದೂ ಅದೇ ಕಾಲದಲ್ಲಿ. ಈ ಕಣಿವೆಯ ಬಿಸಿನೀರಿನಲ್ಲಿ ಬೇಯಿಸಿದ ಕೋಳಿಮೊಟ್ಟೆಗಳ ಸಿಪ್ಪೆ ಕಪ್ಪಾಗುತ್ತದೆ. ಅಂತಹ ಒಂದು ಮೊಟ್ಟೆಯನ್ನು ತಿಂದರೆ ಆಯುಸ್ಸು ಏಳು ವರ್ಷ ಹೆಚ್ಚುವುದೆಂಬ ನಂಬಿಕೆ ಪ್ರಚಲಿತವಾಗಿದೆ.

ಇತಿಹಾಸ

ಎದೊ ಕಾಲದಲ್ಲಿ, ಎದೊ (ಇಂದಿನ ಟೋಕಿಯೊ) ಮತ್ತು ಕ್ಯೋಟೊಗಳನ್ನು ಜೋಡಿಸುತ್ತಿದ್ದ ತೊಕೈದೊ ಹೆದ್ದಾರಿಯಲ್ಲಿ 53 ತಂಗುದಾಣಗಳಿದ್ದವು. ಹಕೋನೆ ಅವುಗಳಲ್ಲಿ ಹತ್ತನೆಯದು. ಕಡಿದಾದ ಘಟ್ಟವನ್ನು ಏರಿ ಬಂದ ಪಾದಚಾರಿಗಳಿಗೆ ಇಲ್ಲಿ ನಿಲ್ಲುವುದು ಅನಿವಾರ್ಯವಾಗಿತ್ತು. 1619ರಲ್ಲಿ ತೊಕುಗಾವಾ ಆಡಳಿತವು ಇಲ್ಲಿ ತಪಾಸಣಾ ಠಾಣೆಯನ್ನು ಸ್ಥಾಪಿಸಿತು. ಸಾಮಂತರ ಪತ್ನಿ ಮತ್ತು ಮಕ್ಕಳನ್ನು ಎದೊದಲ್ಲಿ ಒತ್ತೆಯಾಳುಗಳಂತೆ ಇರಿಸಿಕೊಳ್ಳುವ ಪದ್ಧತಿ ಅಂದು ಜಾರಿಯಲ್ಲಿತ್ತು. ಅವರು ತಪ್ಪಿಸಿಕೊಂಡು ಹೋಗದಂತೆ, ನಗರದಿಂದ ಹೊರಹೋಗುವ ಸ್ತ್ರೀಯರನ್ನು ಈ ಠಾಣೆಯಲ್ಲಿ ವಿಶೇಷವಾಗಿ ಪರೀಕ್ಷಿಸಲಾಗುತ್ತಿತ್ತು. 1869ರಲ್ಲಿ ಠಾಣೆಯನ್ನು ರದ್ದುಪಡಿಸಲಾಯಿತು. ಮೂಲ ಸ್ಥಳದಲ್ಲೇ ಪುನರ್ನಿರ್ಮಿಸಿದ ಕಟ್ಟಡವನ್ನು ಈಗ ನೋಡಬಹುದು.

ಮೇಜಿ ಕಾಲದಲ್ಲಿ ವಿದೇಶಿಯರೂ ವಿಶ್ರಾಂತಿಗಾಗಿ ಬರತೊಡಗಿದರು. 1878ರಲ್ಲಿ ಮಿಯಾನೋಶಿತಾದಲ್ಲಿ ಆರಂಭವಾದ ಫ್ಯೂಜಿಯಾ ಹೋಟೆಲ್ ಪಾಶ್ಚಾತ್ಯ ಶೈಲಿಯ ವಸತಿಯನ್ನು ಒದಗಿಸಿತು. ಚಾರ್ಲಿ ಚಾಪ್ಲಿನ್ ಮತ್ತು ಹೆಲೆನ್ ಕೆಲರ್ ಇಲ್ಲಿ ತಂಗಿದ್ದ ಗಣ್ಯರಲ್ಲಿ ಸೇರಿದ್ದಾರೆ.

ಬಿಸಿನೀರಿನ ಬುಗ್ಗೆಗಳು

ಜಪಾನಿ ಭಾಷೆಯಲ್ಲಿ ಬಿಸಿನೀರಿನ ಬುಗ್ಗೆಗೂ ಅದನ್ನಾಧರಿಸಿದ ಸ್ನಾನಗೃಹಕ್ಕೂ ‘ಒನ್ಸೆನ್’ ಎಂದು ಹೆಸರು. 1948ರ ಕಾನೂನಿನ ಪ್ರಕಾರ, ಉಗಮದಲ್ಲಿ ನೀರಿನ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿರಬೇಕು. ಇಲ್ಲವೇ ನಿಗದಿತ 19 ದ್ರವ್ಯಗಳಲ್ಲಿ ಯಾವುದಾದರೂ ಒಂದು ಗೊತ್ತುಪಡಿಸಿದ ಪ್ರಮಾಣದಲ್ಲಿರಬೇಕು. ಸ್ನಾನದ ಕೊಳದ ನೀರು ಸಾಮಾನ್ಯವಾಗಿ 40ರಿಂದ 42 ಡಿಗ್ರಿಯಷ್ಟಿರುತ್ತದೆ. ಹಕೋನೆಯ ಬುಗ್ಗೆಗಳಲ್ಲಿ ಯುಮೊತೊ ಅತ್ಯಂತ ಹಳೆಯದೆಂಬ ಪ್ರತೀತಿಯಿದೆ.

ಸ್ನಾನದ ಕ್ರಮ

ಕೊಳವು ಮೈಯನ್ನು ಬೆಚ್ಚಗಾಗಿಸಿಕೊಂಡು ವಿಶ್ರಮಿಸುವುದಕ್ಕೇ ಹೊರತು ಮೈ ತೊಳೆಯುವುದಕ್ಕಲ್ಲ. ಆದುದರಿಂದ ಮೊದಲು ಬದಿಯ ಮಣೆಯ ಮೇಲೆ ಕುಳಿತು, ಸಾಬೂನಿನಿಂದ ಮೈ ತೊಳೆದು, ನೊರೆಯು ಪೂರ್ಣ ಹೋದ ಬಳಿಕವೇ ಕೊಳಕ್ಕೆ ಇಳಿಯಬೇಕು. ಉದ್ದ ಕೂದಲನ್ನು ಮೇಲೆ ಕಟ್ಟಿಕೊಳ್ಳಬೇಕು; ಟವೆಲನ್ನು ನೀರಿಗೆ ತಾಗಿಸಬಾರದು. ಸಾಂಪ್ರದಾಯಿಕ ಸ್ನಾನಗೃಹಗಳಲ್ಲಿ ಸ್ತ್ರೀಪುರುಷರಿಗೆ ಪ್ರತ್ಯೇಕ ವ್ಯವಸ್ಥೆಯಿದ್ದು, ಬಟ್ಟೆಯಿಲ್ಲದೆ ಸ್ನಾನ ಮಾಡುವುದು ರೂಢಿ. ಇದಕ್ಕೆ ಸಂಕೋಚಪಡುವವರು ಬಾಡಿಗೆಗೆ ದೊರೆಯುವ ಖಾಸಗಿ ಕೊಳವನ್ನಾಗಲಿ, ಈಜುಡುಗೆಗೆ ಅವಕಾಶವಿರುವ ಯುನೆಸ್ಸನ್‌ನಂತಹ ತಾಣವನ್ನಾಗಲಿ ಆರಿಸಿಕೊಳ್ಳಬಹುದು. ಹಚ್ಚೆ ಹಾಕಿಸಿಕೊಂಡವರಿಗೆ ಕೆಲವೆಡೆ ಪ್ರವೇಶವಿಲ್ಲದ ಕಾರಣ ಮೊದಲೇ ವಿಚಾರಿಸುವುದು ಒಳ್ಳೆಯದು.

ಊಟವಾದ ಕೂಡಲೇ ಅಥವಾ ಮದ್ಯ ಸೇವಿಸಿ ಕೊಳಕ್ಕೆ ಇಳಿಯುವುದು ಅಪಾಯಕರ. ಬಿಸಿನೀರಿನಲ್ಲಿ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುವುದರಿಂದ ಥಟ್ಟನೆ ಎದ್ದಾಗ ತಲೆಸುತ್ತು ಬರಬಹುದು. ದಿನವಿಡೀ ನಡೆದು ಬಳಲಿದವರು, ವಯಸ್ಸಾದವರು ಮತ್ತು ಹೃದ್ರೋಗಿಗಳು ಅಲ್ಪಕಾಲವಷ್ಟೇ ಕೊಳದಲ್ಲಿದ್ದು, ನಿಧಾನವಾಗಿ ಮೇಲೆದ್ದು, ಸಾಕಷ್ಟು ನೀರು ಕುಡಿಯಬೇಕು. ಹೃದ್ರೋಗವುಳ್ಳವರು ಪ್ರವಾಸಕ್ಕೆ ಮುನ್ನವೇ ವೈದ್ಯರ ಸಲಹೆ ಪಡೆಯುವುದು ಸೂಕ್ತ.

ರ್ಯೋಕಾನ್ ವಾಸ್ತವ್ಯ

ಸಾಂಪ್ರದಾಯಿಕ ಜಪಾನಿ ವಸತಿಗೃಹಕ್ಕೆ ‘ರ್ಯೋಕಾನ್’ ಎನ್ನುತ್ತಾರೆ. ಚಾಪೆಯಂತಹ ತತಾಮಿ ಹಾಸಿದ ಕೋಣೆಯಲ್ಲಿ ನೆಲದ ಮೇಲೆಯೇ ಹಾಸಿಗೆ ಸಿದ್ಧಪಡಿಸುತ್ತಾರೆ. ಅತಿಥಿಗಳಿಗೆ ‘ಯುಕಾತಾ’ ಎಂಬ ಹತ್ತಿಯ ನಿಲುವಂಗಿ ದೊರೆಯುತ್ತದೆ. ಅದರ ಎಡ ಅಂಚು ಬಲ ಅಂಚಿನ ಮೇಲೆ ಬರುವಂತೆ ಉಡಬೇಕು. ಅದಕ್ಕೆ ವಿರುದ್ಧವಾದ ಕ್ರಮ ಮೃತದೇಹಕ್ಕೆ ಉಡಿಸುವುದಕ್ಕೆ ಮೀಸಲು. ರಾತ್ರಿಯ ಊಟ ಮತ್ತು ಬೆಳಗಿನ ಉಪಾಹಾರ ಹಲವೆಡೆ ಬಾಡಿಗೆಯಲ್ಲೇ ಸೇರಿರುತ್ತವೆ. ರಾತ್ರಿಯೂಟದ ವೇಳೆ ನಿಗದಿತವಾಗಿರುವುದರಿಂದ ಸಂಜೆಯೊಳಗೆ ತಲುಪುವುದು ಅಗತ್ಯ. ತರಕಾರಿಯ ಸಾರಿನಲ್ಲೂ ಒಣಮೀನಿನಿಂದ ತೆಗೆದ ‘ದಾಶಿ’ ಎಂಬ ರಸವನ್ನು ಬಳಸುವುದು ಸಾಮಾನ್ಯವಾಗಿರುವುದರಿಂದ, ಭಾರತೀಯ ಸಸ್ಯಾಹಾರಿಗಳು ಕೋಣೆ ಕಾಯ್ದಿರಿಸುವಾಗಲೇ ಈ ವಿಷಯವನ್ನು ಸ್ಪಷ್ಟವಾಗಿ ತಿಳಿಸಬೇಕಾಗುತ್ತದೆ.

ಸಾರಿಗೆ

ಟೋಕಿಯೊದ ಶಿಂಜುಕು ನಿಲ್ದಾಣದಿಂದ ಒಡಾಕ್ಯು ಸಂಸ್ಥೆಯ ರೊಮಾನ್ಸ್‌ಕಾರ್ ರೈಲು ನೇರವಾಗಿ ಹಕೋನೆ-ಯುಮೊತೊಗೆ ಬರುತ್ತದೆ. ಶಿಂಕಾನ್‌ಸೆನ್ ರೈಲಿನಲ್ಲಿ ಬರುವವರು ಒಡವಾರಾದಲ್ಲಿ ಇಳಿಯಬೇಕು. ಅತಿವೇಗದ ನೊಜೊಮಿ ರೈಲುಗಳು ಅಲ್ಲಿ ನಿಲ್ಲುವುದಿಲ್ಲ. ಕೊದಾಮಾ ಮತ್ತು ಕೆಲವು ಹಿಕಾರಿ ರೈಲುಗಳು ನಿಲ್ಲುತ್ತವೆ. ಯುಮೊತೊದಿಂದ ಗೋರಾವರೆಗಿನ ಬೆಟ್ಟದ ರೈಲುಮಾರ್ಗ 1919ರಲ್ಲಿ ಆರಂಭವಾಯಿತು. ಅತ್ಯಂತ ಕಡಿದಾದ ಭಾಗಗಳಲ್ಲಿ ಇದು 1,000 ಮೀಟರಿಗೆ 80 ಮೀಟರ್‌ನಂತೆ ಮೇಲೇರುತ್ತದೆ. ದಾರಿಯಲ್ಲಿ ಮೂರು ಕಡೆ ರೈಲು ದಿಕ್ಕು ಬದಲಿಸಿ ಹಿಮ್ಮುಖವಾಗಿ ಸಾಗುತ್ತದೆ. ಗೋರಾದಿಂದ ಕೇಬಲ್ ಕಾರ್, ಅನಂತರ ಓವಾಕುದಾನಿಯ ಮೂಲಕ ರೋಪ್‌ವೇ, ಕೊನೆಗೆ ಆಶಿ ಸರೋವರದಲ್ಲಿ ಹಡಗು ಎಂಬುದು ಪ್ರಚಲಿತ ಸುತ್ತುದಾರಿ. ದೊಡ್ಡ ಪೆಟ್ಟಿಗೆಗಳನ್ನು ಸರಕು ಸಾಗಣೆ ಸೇವೆಯ ಮೂಲಕ ಕ್ಯೋಟೊದ ಹೋಟೆಲಿಗೆ ಮುಂಚಿತವಾಗಿ ಕಳುಹಿಸಿ, ಸಣ್ಣ ಚೀಲದೊಡನೆ ಇಲ್ಲಿ ತಂಗುವ ಅನುಕೂಲವೂ ಇದೆ.

ಪ್ರಾಕೃತಿಕ ಅಪಾಯಗಳು

2015ರ ಜೂನ್ ಅಂತ್ಯದಲ್ಲಿ ಓವಾಕುದಾನಿಯಲ್ಲಿ ಸಣ್ಣ ಪ್ರಮಾಣದ ಸ್ಫೋಟ ಸಂಭವಿಸಿ, ಕಣಿವೆಗೆ ಪ್ರವೇಶವನ್ನು ನಿರ್ಬಂಧಿಸಲಾಯಿತು. 2019ರ ಅಕ್ಟೋಬರ್ 12ರಂದು ಹಗಿಬಿಸ್ ಚಂಡಮಾರುತದ ವೇಳೆ ಒಂದೇ ದಿನದಲ್ಲಿ 900 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿದು ಬೆಟ್ಟದ ರೈಲುಮಾರ್ಗ ಹಾನಿಗೊಂಡಿತು. ಆ ಮಾರ್ಗ 2020ರ ಜುಲೈನಲ್ಲಿ ಪೂರ್ಣವಾಗಿ ಪುನರಾರಂಭಗೊಂಡಿತು. ಜ್ವಾಲಾಮುಖಿ ಅನಿಲದ ಪ್ರಮಾಣ ಹೆಚ್ಚಾದಾಗ ರೋಪ್‌ವೇ ಸಂಚಾರ ಸ್ಥಗಿತಗೊಳ್ಳುತ್ತದೆ. ಆಸ್ತಮಾ ಮತ್ತು ಹೃದ್ರೋಗ ಇರುವವರು ಓವಾಕುದಾನಿಗೆ ಹೋಗದಿರುವಂತೆ ಸೂಚಿಸಲಾಗುತ್ತದೆ.