ಯಾರ ಎದುರು ಯಾರ ಪೈಪೋಟಿ? ನವೋದಯ ಪ್ರವೇಶದ ನಿಯಮಗಳ ಕುರಿತು ಒಂದು ಟಿಪ್ಪಣಿ

1. ಪ್ರಶ್ನೆ ಮತ್ತು ವ್ಯಾಪ್ತಿ

ಜವಾಹರ್ ನವೋದಯ ವಿದ್ಯಾಲಯಗಳ ಆರನೇ ತರಗತಿ ಪ್ರವೇಶ ನ್ಯಾಯಯುತವೇ ಎಂಬ ಚರ್ಚೆ ಎದ್ದಾಗಲೆಲ್ಲ ಮಾತು ಬೇಗನೆ ಮೀಸಲಾತಿಯ ಶೇಕಡಾವಾರು ಲೆಕ್ಕಕ್ಕೆ ಬಂದು ನಿಲ್ಲುತ್ತದೆ. ಆ ಲೆಕ್ಕ ಮುಖ್ಯವೇ. ಅದಕ್ಕೂ ಮೊದಲು ಕೇಳಬೇಕಾದ ಎರಡು ಪ್ರಶ್ನೆಗಳಿವೆ. ಒಂದು ಮಗುವನ್ನು ಯಾವ ಮಕ್ಕಳ ಎದುರು ಪೈಪೋಟಿಗೆ ನಿಲ್ಲಿಸುತ್ತೇವೆ? ಏನನ್ನು ಅಳೆದು ಗೆದ್ದವರನ್ನು ಆರಿಸುತ್ತೇವೆ?

ಈ ಟಿಪ್ಪಣಿಯ ಆಕರ ನವೋದಯದ ಪ್ರಕಟಿತ ಪ್ರವೇಶ ನಿಯಮಗಳು. ಅವುಗಳ ಪಕ್ಕದಲ್ಲಿ ಕರ್ನಾಟಕದ ಕೆಲವು ಪ್ರವೇಶ ಪದ್ಧತಿಗಳನ್ನೂ ಅಮೆರಿಕದ ಶಿಕಾಗೋ ನಗರದ ಒಂದು ಪ್ರಯೋಗವನ್ನೂ ಇಟ್ಟು ನೋಡಲಾಗಿದೆ. ಇಲ್ಲಿನ ವಾದ ಇಷ್ಟು: ಹಳ್ಳಿಗೂ ಪೇಟೆಗೂ ಇರುವ ಅಂತರವನ್ನು ನವೋದಯದ ನಿಯಮಗಳು ಗಂಭೀರವಾಗಿಯೇ ಪರಿಗಣಿಸಿವೆ. ಹಳ್ಳಿಯೊಳಗೇ ಮನೆಯಿಂದ ಮನೆಗೆ, ತಾಲ್ಲೂಕಿನಿಂದ ತಾಲ್ಲೂಕಿಗೆ ಇರುವ ಅಂತರವನ್ನು ಅವು ಅಷ್ಟಾಗಿ ಮುಟ್ಟಿಲ್ಲ. ಪರೀಕ್ಷೆಯ ಸ್ವರೂಪವೇ ಈ ಎರಡನೆಯ ಅಂತರವನ್ನು ಹಿಗ್ಗಿಸಲು ಅವಕಾಶ ಕೊಟ್ಟಿದೆ.

2. ನಿಯಮಗಳ ಚೌಕಟ್ಟು

ಹೆತ್ತವರಿಗೆ ಹಣ ಕೊಡುವ ಶಕ್ತಿ ಇದೆಯೇ ಇಲ್ಲವೇ ಎಂಬುದನ್ನು ನೋಡದೆ ಪ್ರತಿಭಾವಂತ ಮಕ್ಕಳಿಗೆ ಉತ್ತಮ ಶಿಕ್ಷಣ ಸಿಗಬೇಕು ಎಂಬುದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯಗಳಲ್ಲೊಂದು. ನವೋದಯ ಶಾಲೆಗಳು ಅದರ ಫಲ. ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ 1985–86ರಲ್ಲಿ ಮೊದಲ ಎರಡು ಶಾಲೆಗಳು ಪ್ರಯೋಗವಾಗಿ ಆರಂಭವಾದವು. ಈಗ ತಮಿಳುನಾಡನ್ನು ಬಿಟ್ಟು ಉಳಿದ ರಾಜ್ಯಗಳಲ್ಲಿ, ಸಾಮಾನ್ಯವಾಗಿ ಜಿಲ್ಲೆಗೊಂದರಂತೆ, 650ರ ಆಸುಪಾಸಿನಲ್ಲಿ ಶಾಲೆಗಳಿವೆ. ಆರನೇ ತರಗತಿಗೆ ಪ್ರತಿ ಶಾಲೆಯಲ್ಲಿ ಗರಿಷ್ಠ 80 ಸೀಟು. ದೇಶದಲ್ಲಿ ಒಟ್ಟು ಸುಮಾರು 50 ಸಾವಿರ. ಇತ್ತೀಚಿನ ವರ್ಷಗಳಲ್ಲಿ ಅರ್ಜಿಗಳ ಸಂಖ್ಯೆ 20 ಲಕ್ಷವನ್ನು ದಾಟಿದೆ.

ಊಟ, ವಸತಿ, ಸಮವಸ್ತ್ರ, ಪಠ್ಯಪುಸ್ತಕ ಎಲ್ಲವೂ ಉಚಿತ. ಒಂಬತ್ತನೇ ತರಗತಿಯಿಂದ ವಿದ್ಯಾಲಯ ವಿಕಾಸ ನಿಧಿಗೆ ತಿಂಗಳಿಗೆ 600 ರೂಪಾಯಿ ಕಟ್ಟಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಬಡತನ ರೇಖೆಗಿಂತ ಕೆಳಗಿನ ಕುಟುಂಬದ ಮಕ್ಕಳು ಮತ್ತು ಎಲ್ಲ ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಬಡ ಕುಟುಂಬವೊಂದಕ್ಕೆ ಇಲ್ಲಿ ಸಿಗುವ ಒಂದು ಸೀಟು ಏಳು ವರ್ಷಗಳ ಪೂರ್ಣ ಆಸರೆ. ಹಾಗಾಗಿ ಅದು ಯಾರ ಪಾಲಾಗುತ್ತದೆ ಎಂಬುದು ಸಣ್ಣ ಮಾತಲ್ಲ.

ಜಿಲ್ಲೆಯ ಸೀಟುಗಳಲ್ಲಿ ಕನಿಷ್ಠ ಶೇ 75 ಗ್ರಾಮೀಣ ಅಭ್ಯರ್ಥಿಗಳಿಗೆ. ಅಂದರೆ 80ರಲ್ಲಿ 60. ಉಳಿದ 20ಕ್ಕೆ ಗ್ರಾಮೀಣ, ನಗರ ಎಂಬ ಭೇದವಿಲ್ಲದೆ ಎಲ್ಲರೂ ಸ್ಪರ್ಧಿಸಬಹುದು. ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಆಯಾ ಜಿಲ್ಲೆಯ ಜನಸಂಖ್ಯೆಗೆ ತಕ್ಕ ಪಾಲು. ಅದು ಶೇ 15 ಮತ್ತು ಶೇ 7.5ಕ್ಕಿಂತ ಕಡಿಮೆಯಾಗುವಂತಿಲ್ಲ, ಎರಡೂ ಸೇರಿ ಶೇ 50 ಮೀರುವಂತಿಲ್ಲ. ಇತರ ಹಿಂದುಳಿದ ವರ್ಗಗಳಿಗೆ ಶೇ 27 ಮೀಸಲಾತಿ 2021–22ರಿಂದ ಸೇರಿತು. ಕನಿಷ್ಠ ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಒಬ್ಬ ಅಭ್ಯರ್ಥಿ ಜೀವನದಲ್ಲಿ ಒಮ್ಮೆ ಮಾತ್ರ ಈ ಪರೀಕ್ಷೆ ಬರೆಯಬಹುದು.

3. ‘ಗ್ರಾಮೀಣ’ ಎಂಬ ಗೆರೆ

ಗ್ರಾಮೀಣ ಸೀಟಿಗೆ ಅರ್ಹತೆ ನಿರ್ಧಾರವಾಗುವುದು ಶಾಲೆ ಇರುವ ಜಾಗದಿಂದ. ಮೂರು, ನಾಲ್ಕು ಮತ್ತು ಐದನೇ ತರಗತಿಗಳನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಈ ಅವಧಿಯಲ್ಲಿ ಒಂದೇ ದಿನ ನಗರದ ಶಾಲೆಯಲ್ಲಿ ಕಲಿತಿದ್ದರೂ ಮಗು ನಗರದ ಅಭ್ಯರ್ಥಿ. ನಿಯಮ ಕಟ್ಟುನಿಟ್ಟಾಗಿದೆ, ಅದಕ್ಕೆ ಕಾರಣವೂ ಸ್ಪಷ್ಟ: ಕಡೆಯ ಗಳಿಗೆಯಲ್ಲಿ ಹಳ್ಳಿ ಶಾಲೆಗೆ ಹೆಸರು ಬದಲಿಸಿ ಸೀಟು ಹೊಡೆಯುವುದನ್ನು ತಡೆಯಬೇಕಿತ್ತು.

ಆದರೆ ಶಾಲೆ ಸರ್ಕಾರದ್ದೇ ಆಗಿರಬೇಕೆಂದಿಲ್ಲ. ಮಾನ್ಯತೆ ಪಡೆದ ಖಾಸಗಿ ಶಾಲೆಯೂ ನಡೆಯುತ್ತದೆ. ನಗರಸಭೆಯ ಗಡಿ ದಾಟಿದೊಡನೆ ರಸ್ತೆ ಬದಿಯಲ್ಲಿ ಎದ್ದಿರುವ, ಶುಲ್ಕ ಪಡೆಯುವ ಇಂಗ್ಲಿಷ್ ಮಾಧ್ಯಮದ ಶಾಲೆ ಈ ಲೆಕ್ಕದಲ್ಲಿ ಗ್ರಾಮೀಣವೇ. ಪೇಟೆಯಿಂದ ಅದರ ಬಸ್ಸಿನಲ್ಲಿ ಹೋಗಿಬರುವ ಮಗುವೂ, ಒಬ್ಬರೇ ಮೇಷ್ಟ್ರು ಹಲವು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುವ ತಾಂಡಾದ ಸರ್ಕಾರಿ ಶಾಲೆಯ ಮಗುವೂ ಅದೇ 60 ಸೀಟುಗಳಿಗೆ ಎದುರುಬದುರು. ಆದಾಯವನ್ನಾಗಲಿ ಹೆತ್ತವರ ಓದನ್ನಾಗಲಿ ಈ ಗೆರೆ ಕೇಳುವುದಿಲ್ಲ.

ಗ್ರಾಮೀಣ ಎಂಬ ವರ್ಗೀಕರಣಕ್ಕೆ ನ್ಯಾಯಾಲಯಗಳಲ್ಲಿ ದೀರ್ಘ ಇತಿಹಾಸವಿದೆ. ಉತ್ತರ ಪ್ರದೇಶದ ವೈದ್ಯಕೀಯ ಕಾಲೇಜುಗಳಲ್ಲಿ ಗ್ರಾಮೀಣರಿಗೆಂದು ಇಟ್ಟಿದ್ದ ಮೀಸಲಾತಿಯನ್ನು ಸುಪ್ರೀಂ ಕೋರ್ಟ್ 1975ರಲ್ಲಿ ರದ್ದುಮಾಡಿತು. ಗುಡ್ಡಗಾಡು ಮತ್ತು ಉತ್ತರಾಖಂಡ ಪ್ರದೇಶಗಳಿಗಿದ್ದ ಮೀಸಲಾತಿಯನ್ನು ಎತ್ತಿಹಿಡಿಯಿತು. ಒಂದರಿಂದ ಎಂಟನೇ ತರಗತಿವರೆಗೆ ಸಾಮಾನ್ಯ ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ಹರಿಯಾಣ ಕೊಟ್ಟಿದ್ದ ವೈದ್ಯಕೀಯ ಸೀಟುಗಳ ಮೀಸಲಾತಿಯೂ 1984ರಲ್ಲಿ ಬಿದ್ದಿತು. ಈ ತೀರ್ಪುಗಳನ್ನು ನವೋದಯಕ್ಕೆ ಹಾಗೆಯೇ ಅನ್ವಯಿಸಲಾಗದು. ವೈದ್ಯಕೀಯ ಸೀಟಿನ ಹೊತ್ತಿಗೆ ಪ್ರಾಥಮಿಕ ಶಾಲೆ ದೂರದ ಸಂಗತಿ. ಆರನೇ ತರಗತಿಯ ಹೊತ್ತಿಗೆ ಅದು ನಿನ್ನೆಯ ಸಂಗತಿ. ಆದರೂ ಅವು ಎತ್ತಿದ ಪ್ರಶ್ನೆ ಇಲ್ಲಿಯೂ ಉಳಿಯುತ್ತದೆ: ಹಳ್ಳಿ ಎಂಬ ಒಂದೇ ಗುರುತಿನೊಳಗೆ ಸೇರಿದವರೆಲ್ಲ ಒಂದೇ ಬಗೆಯ ಕೊರತೆ ಉಂಡವರೇ?

ಕರ್ನಾಟಕದ ವೃತ್ತಿಶಿಕ್ಷಣ ಸಿಇಟಿ ಈ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡಿದೆ. ಅಲ್ಲಿ ಗ್ರಾಮೀಣ ಕೋಟಾ ಶೇ 15. ಅದಕ್ಕೆ ಒಂದರಿಂದ ಹತ್ತನೇ ತರಗತಿವರೆಗೆ, ಅಂದರೆ ಪೂರ್ತಿ ಹತ್ತು ವರ್ಷ, ಗ್ರಾಮೀಣ ಪ್ರದೇಶದಲ್ಲಿ ಓದಿದ ವ್ಯಾಸಂಗ ಪ್ರಮಾಣಪತ್ರ ಬೇಕು. ಸಾಮಾನ್ಯ ವರ್ಗದ ಅಭ್ಯರ್ಥಿಯಾದರೆ ತಾನು ಕೆನೆಪದರಕ್ಕೆ ಸೇರಿಲ್ಲವೆಂಬ ತಹಶೀಲ್ದಾರರ ಪತ್ರವನ್ನೂ ತರಬೇಕು. ಜಾಗದ ಗುರುತಿನ ಜೊತೆಗೆ ಮನೆಯ ಸ್ಥಿತಿಯ ಗುರುತನ್ನೂ ಕೇಳುವ ಪದ್ಧತಿ ನಮ್ಮ ರಾಜ್ಯದಲ್ಲೇ ಬಳಕೆಯಲ್ಲಿದೆ ಎಂಬುದು ಗಮನಾರ್ಹ.

4. ಪಾಠವಿಲ್ಲದ ಅರ್ಧ ಪರೀಕ್ಷೆ

ಆಯ್ಕೆ ಪರೀಕ್ಷೆಯಲ್ಲಿ ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಮಾನಸಿಕ ಸಾಮರ್ಥ್ಯಕ್ಕೆ 40 ಪ್ರಶ್ನೆ, 50 ಅಂಕ, 60 ನಿಮಿಷ. ಅಂಕಗಣಿತಕ್ಕೆ 20 ಪ್ರಶ್ನೆ, 25 ಅಂಕ. ಭಾಷೆಗೆ 20 ಪ್ರಶ್ನೆ, 25 ಅಂಕ. ಕನ್ನಡದಲ್ಲಿಯೂ ಬರೆಯಬಹುದು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಮಾನಸಿಕ ಸಾಮರ್ಥ್ಯದ ಭಾಗ ಪೂರ್ತಿ ಚಿತ್ರಗಳದು. ಗುಂಪಿಗೆ ಸೇರದ ಆಕೃತಿ, ಆಕೃತಿಗಳ ಸರಣಿ, ಕನ್ನಡಿ ಬಿಂಬ, ಮಡಚಿ ತೂತು ಮಾಡಿದ ಕಾಗದ, ಅಡಗಿರುವ ಆಕೃತಿ ಹೀಗೆ ಹತ್ತು ಬಗೆ, ಪ್ರತಿಯೊಂದರಲ್ಲಿ ನಾಲ್ಕು ಪ್ರಶ್ನೆ. ಈ ವಿನ್ಯಾಸದ ಉದ್ದೇಶವನ್ನು ನವೋದಯ ವಿದ್ಯಾಲಯ ಸಮಿತಿ ಮುಚ್ಚಿಟ್ಟಿಲ್ಲ: ಭಾಷೆಯ ಹಂಗು ಕಡಿಮೆಯಿರುವ ಪರೀಕ್ಷೆಯಾದರೆ ಹಳ್ಳಿಯ ಪ್ರತಿಭಾವಂತ ಮಗು ಹಿನ್ನಡೆಯಿಲ್ಲದೆ ಸ್ಪರ್ಧಿಸಬಲ್ಲದು ಎಂಬುದು ಅದರ ನಿಲುವು. ಎಂಬತ್ತರ ದಶಕದ ಸಂದರ್ಭದಲ್ಲಿ ಇದು ತೂಕದ ವಾದ. ಪಠ್ಯದ ಮೇಲೆಯೇ ಪರೀಕ್ಷೆ ನಿಂತಿದ್ದರೆ ಒಳ್ಳೆಯ ಶಾಲೆಯ ಮಕ್ಕಳೇ ಸೀಟು ಬಾಚಿಕೊಳ್ಳುತ್ತಿದ್ದರು.

ಕಾಲಕ್ರಮೇಣ ಈ ವಾದದ ಬುಡ ಸಡಿಲಗೊಂಡಿದೆ. ಆಕೃತಿ ಆಧಾರಿತ ಪ್ರಶ್ನೆಗಳಲ್ಲಿ ಅಭ್ಯಾಸದಿಂದ ಅಂಕ ಏರುತ್ತದೆ ಎಂಬುದು ಮನೋಮಾಪನ ಶಾಸ್ತ್ರದಲ್ಲಿ ಬಹುಕಾಲದಿಂದ ಒಪ್ಪಿತವಾದ ಸಂಗತಿ. ಮಡಚಿದ ಕಾಗದದ ಪ್ರಶ್ನೆಯನ್ನು ಮೊದಲ ಬಾರಿ ನೋಡುವ ಮಗು ಏನು ಕೇಳಿದ್ದಾರೆಂದು ತಿಳಿಯಲೇ ಸಮಯ ಕಳೆಯುತ್ತದೆ. ನೂರು ಸಲ ಬಿಡಿಸಿದ ಮಗು ನೇರವಾಗಿ ಉತ್ತರಕ್ಕೆ ಹೋಗುತ್ತದೆ. ಒಂದು ಪ್ರಶ್ನೆಗೆ ಸಿಗುವುದು ಒಂದೂವರೆ ನಿಮಿಷ. ಹತ್ತು ಬಗೆಗಳು ವರ್ಷದಿಂದ ವರ್ಷಕ್ಕೆ ಬದಲಾಗದ ಕಾರಣ ಅವುಗಳ ತಾಲೀಮು ಸುಲಭ. ಸರ್ಕಾರಿ ಪ್ರಾಥಮಿಕ ಶಾಲೆಯ ಪಠ್ಯಪುಸ್ತಕದಲ್ಲಿ ಈ ತಾಲೀಮಿಗೆ ಜಾಗವಿಲ್ಲ. ಯಾವ ಶಾಲೆಯೂ ಕಲಿಸದ ವಿಷಯ ಎಲ್ಲರಿಗೂ ಸಮಾನ ಎಂಬುದು ವಿನ್ಯಾಸಕಾರರ ಎಣಿಕೆ. ಶಾಲೆ ಕಲಿಸದ್ದನ್ನು ದುಡ್ಡು ಕೊಟ್ಟು ಕಲಿಯಬಹುದಾದಾಗ ಎಣಿಕೆ ತಲೆಕೆಳಗಾಗುತ್ತದೆ. ವಿಜಯಪುರ, ಧಾರವಾಡದ ಕಡೆ ‘ನವೋದಯ, ಸೈನಿಕ, ಮೊರಾರ್ಜಿ, ಕಿತ್ತೂರು’ ಎಂದು ಒಟ್ಟಿಗೆ ಬರೆದ ಕೋಚಿಂಗ್ ಫಲಕಗಳು, ವಸತಿ ಸಹಿತ ತರಬೇತಿಯ ಜಾಹೀರಾತುಗಳು ಈ ಮಾರುಕಟ್ಟೆಯ ಕುರುಹು.

ಒಂದೇ ಅವಕಾಶ ಎಂಬ ನಿಯಮವೂ ಇದೇ ಬೆಳಕಿನಲ್ಲಿ ಬೇರೆಯಾಗಿ ಕಾಣುತ್ತದೆ. ವರ್ಷ ಕಳೆದು ಮತ್ತೆ ಮತ್ತೆ ಬರೆಯುವವರನ್ನು ಅದು ತಡೆಯುತ್ತದೆ, ಅದು ಒಳಿತೇ. ಆದರೆ ಅಣಕು ಪರೀಕ್ಷೆಗಳಿಗೆ ಲೆಕ್ಕವಿಲ್ಲ. ಕೋಚಿಂಗ್‌ನ ಮಗುವಿಗೆ ಪರೀಕ್ಷೆಯ ದಿನ ಓಎಂಆರ್ ಹಾಳೆ ತುಂಬುವುದು ಹಳೆಯ ಕೆಲಸ. ಬೇರೆ ಮಗುವಿಗೆ ಅದೇ ಮೊದಲು, ಅದೇ ಕೊನೆ.

5. ಜಿಲ್ಲೆಯೋ ತಾಲ್ಲೂಕೋ?

ನವೋದಯದಲ್ಲಿ ಪೈಪೋಟಿಯ ಅಂಗಳ ಜಿಲ್ಲೆ. ಅದೇ 80 ಸೀಟಿನ ಇನ್ನೊಂದು ಆಯ್ದ ಶಾಲೆ ಕರ್ನಾಟಕದಲ್ಲಿದೆ. ಶೈಕ್ಷಣಿಕವಾಗಿ ಹಿಂದುಳಿದ 74 ಬ್ಲಾಕ್‌ಗಳಲ್ಲಿ ತೆರೆದ ಆದರ್ಶ ವಿದ್ಯಾಲಯಗಳಲ್ಲಿ ಪೈಪೋಟಿ ಬ್ಲಾಕಿನ ಒಳಗಿನದು, ಪರೀಕ್ಷೆಯಲ್ಲಿ ಶಾಲಾ ಪಠ್ಯವಿಷಯಗಳ ಪಾಲು ಹೆಚ್ಚು. ಕರ್ನಾಟಕ ವಸತಿ ಶಿಕ್ಷಣ ಸಂಸ್ಥೆಗಳ ಸಂಘದಡಿ ಬರುವ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಮುಂತಾದ ವಸತಿ ಶಾಲೆಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ: ಮಾಜಿ ದೇವದಾಸಿಯರ ಮಕ್ಕಳು, ಸಫಾಯಿ ಕರ್ಮಚಾರಿಗಳ ಮಕ್ಕಳಂಥ ವಿಶೇಷ ವರ್ಗಗಳಿಗೆ ಅಲ್ಲಿ ಪರೀಕ್ಷೆಯಿಲ್ಲದೆ ಪ್ರವೇಶವಿದೆ. ಒಂದೇ ವಯಸ್ಸಿನ ಮಕ್ಕಳಿಗೆ, ಒಂದೇ ರಾಜ್ಯದಲ್ಲಿ, ಸಾರ್ವಜನಿಕ ಹಣದ ಶಾಲೆಗಳು ನ್ಯಾಯದ ಬೇರೆ ಬೇರೆ ಅರ್ಥಗಳ ಮೇಲೆ ನಡೆಯುತ್ತಿವೆ.

ಶಿಕಾಗೋದ ಉದಾಹರಣೆ ಇಲ್ಲಿ ಉಪಯುಕ್ತ. ಅಲ್ಲಿನ ಆಯ್ದ ಸಾರ್ವಜನಿಕ ಪ್ರೌಢಶಾಲೆಗಳಲ್ಲಿ ಜನಾಂಗವನ್ನು ಪರಿಗಣಿಸಲು ಆಧಾರವಾಗಿದ್ದ ನ್ಯಾಯಾಲಯದ ಒಪ್ಪಂದ 2009ರಲ್ಲಿ ಕೊನೆಗೊಂಡಿತು. ಅದರ ಬದಲಿಗೆ ನಗರವನ್ನು ಜನಗಣತಿಯ ಸಣ್ಣ ಘಟಕಗಳಾಗಿ ತೆಗೆದುಕೊಂಡು, ಕುಟುಂಬಗಳ ಆದಾಯ, ದೊಡ್ಡವರ ಶಿಕ್ಷಣ, ಸ್ವಂತ ಮನೆ ಇರುವವರ ಪ್ರಮಾಣ, ಒಬ್ಬರೇ ಪೋಷಕರಿರುವ ಮನೆಗಳು, ಮನೆಮಾತು, ಸ್ಥಳೀಯ ಶಾಲೆಗಳ ಸಾಧನೆ ಇವುಗಳ ಆಧಾರದಲ್ಲಿ ನಾಲ್ಕು ಸ್ತರ ಮಾಡಿದರು. ಮುಂದೆ ರೂಢಿಗೆ ಬಂದ ಹಂಚಿಕೆಯಲ್ಲಿ ಶೇ 30 ಸೀಟು ಅಂಕಕ್ಕೆ, ಶೇ 70 ಸೀಟು ನಾಲ್ಕು ಸ್ತರಗಳಿಗೆ ಸಮನಾಗಿ. ಪ್ರತಿ ಸ್ತರದೊಳಗೆ ಮತ್ತೆ ಅಂಕವೇ ಆಧಾರ. ಬಡ ಬಡಾವಣೆಯಲ್ಲಿ ವಾಸಿಸುವ ಉಳ್ಳವರ ಮಗುವಿಗೂ ಇದರ ಲಾಭ ಸಿಗುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಹಳ್ಳಿ–ಪೇಟೆ ಎಂಬ ಎರಡೇ ಖಾನೆಗಿಂತ ಇದು ಸೂಕ್ಷ್ಮವಾದ ಅಳತೆ.

ಇಂಥ ಅಳತೆ ಕರ್ನಾಟಕಕ್ಕೆ ಹೊಸದಲ್ಲ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ 35 ಸೂಚಕಗಳಿಂದ ಆಗಿನ 175 ತಾಲ್ಲೂಕುಗಳನ್ನು ಅಳೆದು 114ನ್ನು ಹಿಂದುಳಿದವೆಂದು ಗುರುತಿಸಿತು: 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಆ ಸೂಚ್ಯಂಕಕ್ಕೆ ವಯಸ್ಸಾಗಿದೆ. ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾದದ್ದೂ ಅದಕ್ಕೇ. ಹೊಸ ಅಂಕಿಗಳು ಬಂದಂತೆ ಅವನ್ನು ಶಾಲಾ ಪ್ರವೇಶಕ್ಕೂ ಬಳಸಬಹುದು.

6. ಲಾಟರಿಯ ವಾದ

ಶಿಕ್ಷಣ ಹಕ್ಕು ಕಾಯ್ದೆ 2009, ಯಾದೃಚ್ಛಿಕ ವಿಧಾನವನ್ನು ಬಿಟ್ಟು ಒಂದು ಮಗುವಿಗಿಂತ ಇನ್ನೊಂದನ್ನು ಆರಿಸುವ ಯಾವುದೇ ಕ್ರಮವನ್ನು ‘ಸ್ಕ್ರೀನಿಂಗ್’ ಎಂದು ಕರೆದು, 13ನೇ ಸೆಕ್ಷನ್‌ನಲ್ಲಿ ಅದನ್ನು ನಿಷೇಧಿಸುತ್ತದೆ. ಅದೇ ಕಾಯ್ದೆ ನವೋದಯ, ಕೇಂದ್ರೀಯ ವಿದ್ಯಾಲಯ, ಸೈನಿಕ ಶಾಲೆಗಳನ್ನು ನಿರ್ದಿಷ್ಟ ವರ್ಗದ ಶಾಲೆಗಳೆಂದು ಬೇರೆಯಾಗಿ ಹೆಸರಿಸುತ್ತದೆ. ಕೇಂದ್ರೀಯ ವಿದ್ಯಾಲಯಗಳು ಒಂದನೇ ತರಗತಿಗೆ ಆದ್ಯತಾ ವರ್ಗಗಳ ಒಳಗೆ ಲಾಟರಿ ಎತ್ತುತ್ತವೆ. ನವೋದಯ ಪರೀಕ್ಷೆಯನ್ನೇ ನೆಚ್ಚಿದೆ. ಪೂರ್ತಿ ಲಾಟರಿ ನವೋದಯದ ಮೂಲ ಆಶಯಕ್ಕೆ ಹೊಂದುವುದಿಲ್ಲ. ನಿಗದಿತ ಅಂಕ ದಾಟಿದವರ ನಡುವೆ ಲಾಟರಿ ಎಂಬ ಮಧ್ಯದ ದಾರಿಗೆ ಮಾತ್ರ ಸಮರ್ಥನೆ ಇದೆ. ಒಂದು ಪ್ರಶ್ನೆಗೆ 1.25 ಅಂಕ, ಕಟ್‌ಆಫ್ ಸುತ್ತಲಿನ ಮಕ್ಕಳ ನಡುವಿನ ಒಂದೆರಡು ಪ್ರಶ್ನೆಗಳ ಅಂತರ ಅವರ ಪ್ರತಿಭೆಯ ಅಂತರವೆಂದು ಹೇಳಲು ಗಟ್ಟಿ ಆಧಾರ ಬೇಕು. ಆದರೂ ರಾತ್ರಿ ಹಗಲು ಓದಿದ ಮಗುವಿಗೆ ಚೀಟಿ ಎತ್ತಿ ಇಲ್ಲವೆನ್ನುವುದನ್ನು ಹೆತ್ತವರು ಸುಲಭಕ್ಕೆ ಒಪ್ಪಲಾರರು. ನಿಯಮದ ನ್ಯಾಯಕ್ಕೆ ಜನರ ನಂಬಿಕೆಯೂ ಬೇಕಾದ್ದರಿಂದ ಇದನ್ನು ಮೊದಲ ಶಿಫಾರಸಾಗಿ ಇಲ್ಲಿ ಮುಂದಿಡುತ್ತಿಲ್ಲ.

7. ತೀರ್ಮಾನ

ಮೇಲಿನ ವಿವೇಚನೆಯಿಂದ ಮೂರು ಸಲಹೆಗಳು ಹೊರಡುತ್ತವೆ.

ಮೊದಲನೆಯದು, ಗ್ರಾಮೀಣ 60 ಸೀಟುಗಳಲ್ಲಿ ಅರ್ಧವನ್ನು ಈಗಿನಂತೆ ಜಿಲ್ಲಾ ಮಟ್ಟದ ಅಂಕಕ್ಕೆ ಬಿಟ್ಟು, ಉಳಿದ ಅರ್ಧವನ್ನು ತಾಲ್ಲೂಕುವಾರು ಹಂಚುವುದು, ಹಿಂದುಳಿದ ತಾಲ್ಲೂಕಿಗೆ ಪಾಲು ಹೆಚ್ಚಿಸುವುದು. ಆರು ತಾಲ್ಲೂಕುಗಳ ಜಿಲ್ಲೆಯಲ್ಲಿ ಸಮ ಹಂಚಿಕೆಯಾದರೂ ತಾಲ್ಲೂಕಿಗೆ ಐದು ಸೀಟು ಖಚಿತವಾಗುತ್ತದೆ. ಜಾತಿವಾರು ಮತ್ತು ಹೆಣ್ಣುಮಕ್ಕಳ ಮೀಸಲಾತಿ ಇದರೊಳಗೆ ಹಾಗೆಯೇ ನಡೆಯಬಹುದು.

ಎರಡನೆಯದು, ಮಾನಸಿಕ ಸಾಮರ್ಥ್ಯದ ಹತ್ತೂ ಬಗೆಯ ಪ್ರಶ್ನೆಗಳ ಅಭ್ಯಾಸ ಹಾಳೆಗಳನ್ನು ಸರ್ಕಾರಿ ಶಾಲೆಗಳ ನಾಲ್ಕು ಮತ್ತು ಐದನೇ ತರಗತಿಗೆ ಉಚಿತವಾಗಿ ಕೊಡುವುದು. ಇದರಿಂದ ಕೋಚಿಂಗ್ ನಿಲ್ಲದು. ಪ್ರಶ್ನೆಯ ಸ್ವರೂಪವೇ ಅಪರಿಚಿತ ಎಂಬ ಹಿನ್ನಡೆ ಮಾತ್ರ ಹೋಗುತ್ತದೆ.

ಮೂರನೆಯದು, ಅರ್ಜಿ ಹಾಕಿದವರು ಮತ್ತು ಆಯ್ಕೆಯಾದವರು ಯಾವ ತಾಲ್ಲೂಕಿನವರು, ಸರ್ಕಾರಿ ಶಾಲೆಯವರೋ ಖಾಸಗಿಯವರೋ ಎಂಬ ಪಟ್ಟಿಯನ್ನು, ಮಕ್ಕಳ ಗುರುತು ಬಿಟ್ಟು, ಜಿಲ್ಲಾವಾರು ಪ್ರತಿ ವರ್ಷ ಪ್ರಕಟಿಸುವುದು. ಮೂರರಿಂದ ಐದನೇ ತರಗತಿವರೆಗಿನ ಶಾಲೆಯ ವಿವರವನ್ನು ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಅರ್ಜಿಯಲ್ಲೇ ಪಡೆಯಲಾಗುತ್ತದೆ, ಆದ್ದರಿಂದ ಹೊಸದಾಗಿ ಸಂಗ್ರಹಿಸಬೇಕಾದದ್ದು ಏನೂ ಇಲ್ಲ. ಮೂರರಲ್ಲಿ ಮೊದಲು ಆಗಬೇಕಾದದ್ದು ಇದೇ. 60 ಗ್ರಾಮೀಣ ಸೀಟುಗಳಲ್ಲಿ ಸರ್ಕಾರಿ ಶಾಲೆಯ ಮಕ್ಕಳ ಪಾಲು ಅರ್ಜಿದಾರರಲ್ಲಿನ ಅವರ ಪಾಲಿಗೆ ಹತ್ತಿರವಿದೆ ಎಂದು ಆ ಪಟ್ಟಿ ತೋರಿಸಿದರೆ ಈ ಟಿಪ್ಪಣಿಯ ವಾದ ದುರ್ಬಲವಾಗುತ್ತದೆ, ಉಳಿದೆರಡು ಸಲಹೆಗಳ ತುರ್ತೂ ಕಡಿಮೆಯಾಗುತ್ತದೆ. ಅಂತರ ದೊಡ್ಡದಿದ್ದರೆ, ಗ್ರಾಮೀಣ ಕೋಟಾ ತಾನು ಯಾರಿಗಾಗಿ ಹುಟ್ಟಿತೋ ಅವರನ್ನು ಬಿಟ್ಟು ಹೋಗುತ್ತಿದೆ ಎಂಬುದಕ್ಕೆ ನವೋದಯ ವಿದ್ಯಾಲಯ ಸಮಿತಿಯ ಕಡತಗಳೇ ಸಾಕ್ಷಿಯಾಗುತ್ತವೆ.