ಓಡುತ್ತಿರುವ ಬೈಕಿನ ಬ್ಯಾಟರಿ ವಯರ್ ಕಿತ್ತು ನೋಡಿದರೆ ಚಾರ್ಜಿಂಗ್ ಸರಿಯಿದೆಯೋ ಇಲ್ಲವೋ ಗೊತ್ತಾಗುತ್ತದೆಯೇ?

ಹಳೆಯ ಬೈಕ್ ಇಟ್ಟುಕೊಂಡವರ ಮೊಬೈಲಿಗೆ ಈ ಸಲಹೆ ಒಮ್ಮೆಯಾದರೂ ಬಂದಿರುತ್ತದೆ: "ಇಂಜಿನ್ ಸ್ಟಾರ್ಟ್ ಮಾಡಿ, ಬ್ಯಾಟರಿಯ ಒಂದು ವಯರ್ ಕಿತ್ತುಬಿಡಿ. ಬೈಕ್ ನಿಲ್ಲದಿದ್ದರೆ ಚಾರ್ಜಿಂಗ್ ಸರಿಯಿದೆ, ನಿಂತರೆ ಕೆಟ್ಟಿದೆ." ಕೇಳಲು ಸುಲಭ, ಖರ್ಚೂ ಇಲ್ಲ. ಆದರೆ ಈ ಪರೀಕ್ಷೆ ತಪ್ಪು ಉತ್ತರ ಕೊಡುತ್ತದೆ. ಜೊತೆಗೆ ಸರಿಯಿದ್ದ ಭಾಗವನ್ನೂ ಸುಡಬಹುದು.

ಏಕೆ ತಪ್ಪು?

ಬೈಕಿನಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ. ಪ್ಲಗ್‌ಗೆ ಕಿಡಿ ಕೊಡುವುದು ಇಗ್ನಿಷನ್. ಬ್ಯಾಟರಿಗೆ ಕರೆಂಟ್ ತುಂಬುವುದು ಚಾರ್ಜಿಂಗ್. ಇವೆರಡರ ಸಂಬಂಧ ಎಲ್ಲ ಬೈಕಿನಲ್ಲೂ ಒಂದೇ ರೀತಿ ಇರುವುದಿಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳ ಪಾಯಿಂಟ್ ಮಾದರಿಗಳಲ್ಲಿ ಮತ್ತು ಹಳೆಯ ಬುಲೆಟ್‌ಗಳಲ್ಲಿ ಕಿಡಿಗೆ ಬೇಕಾದ ಕರೆಂಟ್ ಬರುವುದು ಬ್ಯಾಟರಿಯಿಂದ. ಬ್ಯಾಟರಿ ಸತ್ತರೆ ಕಿಡಿಯೂ ಇಲ್ಲ. ಆದರೆ 1985ರಿಂದ 1996ರವರೆಗೆ ಬಂದ ಯಮಹಾ ಆರ್‌ಎಕ್ಸ್ 100ರಲ್ಲಿ ಸಿಡಿಐಗೆ ಕರೆಂಟ್ ಕೊಡುವುದು ಮ್ಯಾಗ್ನೆಟ್ ಬಳಿಯ ಕಾಯಿಲ್. ಬ್ಯಾಟರಿ ಪೂರ್ತಿ ಬಿಚ್ಚಿಟ್ಟರೂ ಬೈಕ್ ಓಡುತ್ತದೆ. ಅಂದರೆ ಆರ್‌ಎಕ್ಸ್‌ನಲ್ಲಿ ಈ ಪರೀಕ್ಷೆ ಯಾವಾಗಲೂ "ಪಾಸ್"! ಚಾರ್ಜಿಂಗ್ ಕೆಟ್ಟಿದ್ದರೂ ನಿಮಗೆ ಗೊತ್ತಾಗುವುದಿಲ್ಲ.

ಇನ್ನೊಂದು ಅಪಾಯವೂ ಇದೆ. ಬ್ಯಾಟರಿಯು ವೋಲ್ಟೇಜ್ ಏರಿಳಿತವನ್ನು ತಡೆದುಕೊಳ್ಳುವ ಮೆತ್ತೆಯಂತೆ ಕೆಲಸ ಮಾಡುತ್ತದೆ. ಓಡುವಾಗ ಅದನ್ನು ಕಿತ್ತರೆ ವೋಲ್ಟೇಜ್ ಒಮ್ಮೆಲೇ ಏರಿ ಬಲ್ಬು, ರೆಗ್ಯುಲೇಟರ್ ಸುಡಬಹುದು.

ಸರಿಯಾದ ಪರೀಕ್ಷೆ ಯಾವುದು?

ಇದಕ್ಕೆ ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಅದನ್ನು ಡಿಸಿ 20 ವೋಲ್ಟ್‌ಗೆ ಇಟ್ಟು ಬ್ಯಾಟರಿಯ ಎರಡೂ ತುದಿಗೆ ಹಿಡಿಯಿರಿ. 12 ವೋಲ್ಟ್ ಬ್ಯಾಟರಿಯಾದರೆ:

• ಇಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಸುತ್ತಮುತ್ತ ಇದ್ದರೆ ಪೂರ್ತಿ ಚಾರ್ಜ್ ಇದೆ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ.
• ಇಂಜಿನ್ ಓಡಿಸಿ ಆಕ್ಸಿಲರೇಟರ್ ಸ್ವಲ್ಪ ಏರಿಸಿದಾಗ 13.5ರಿಂದ 14.5 ಬಂದರೆ ಚಾರ್ಜಿಂಗ್ ಚೆನ್ನಾಗಿದೆ.
• ಏರಿಸಿದರೂ ಅಂಕಿ ಮೇಲೇಳದಿದ್ದರೆ ಚಾರ್ಜ್ ಆಗುತ್ತಿಲ್ಲ.
• 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿ ನೀರು ಬೇಗ ಒಣಗುವುದು, ಬಲ್ಬು ಪದೇ ಪದೇ ಹೋಗುವುದು ಇದರ ಲಕ್ಷಣ.

ಹಳೆಯ ಜಾವಾದಂತಹ 6 ವೋಲ್ಟ್ ಬೈಕಿನಲ್ಲಿ ಈ ಅಂಕಿಗಳು ಸುಮಾರು ಅರ್ಧ. ಮೀಟರ್ ಇಲ್ಲದಿದ್ದರೆ ಡೈನಮೋ ಇರುವ ಜಾವಾದಲ್ಲಿ ಕೆಂಪು ದೀಪ ನೋಡಿ. ಆಕ್ಸಿಲರೇಟರ್ ಏರಿಸಿದಾಗ ಅದು ಆರಬೇಕು. ಬುಲೆಟ್‌ನಲ್ಲಿ ಆಂಪಿಯರ್ ಮುಳ್ಳು ಪ್ಲಸ್ ಕಡೆ ವಾಲಬೇಕು.

ಚಾರ್ಜ್ ಆಗದಿದ್ದರೆ ಮೊದಲು ಫ್ಯೂಸ್, ಅರ್ಥ್ ವಯರ್, ಹಸಿರು ಕಿಲುಬು ಹಿಡಿದ ಕನೆಕ್ಟರ್ ನೋಡಿ. ಮಲೆನಾಡಿನ ತೇವಕ್ಕೆ ಇವೇ ಮೊದಲು ಹಾಳಾಗುವುದು. ಡೈನಮೋ ಇದ್ದರೆ ಕಾರ್ಬನ್ ಬ್ರಷ್ ಸವೆದಿದೆಯೇ ನೋಡಿಸಿ. ಆಮೇಲೆ ರೆಗ್ಯುಲೇಟರ್, ಕೊನೆಗೆ ಕಾಯಿಲ್. ಇದ್ಯಾವುದನ್ನೂ ನೋಡದೆ ಹೊಸ ಬ್ಯಾಟರಿ ಹಾಕಿಸಿದರೆ ಅದೂ ಕೆಲವೇ ದಿನಗಳಲ್ಲಿ ಮಲಗುತ್ತದೆ.

"ಹೆಡ್‌ಲೈಟ್ ಮಂಕಾದರೆ ಬ್ಯಾಟರಿ ಹೋಗಿದೆ" ಎನ್ನುವುದು ನಿಜವೇ?

ಎಲ್ಲ ಬೈಕಿಗೂ ಅಲ್ಲ. ಆರ್‌ಎಕ್ಸ್ 100ರ ಹೆಡ್‌ಲೈಟ್ ನೇರವಾಗಿ ಮ್ಯಾಗ್ನೆಟ್ ಕರೆಂಟಿನಲ್ಲಿ ಉರಿಯುತ್ತದೆ. ನಿಂತಾಗ ಮಂಕಾಗಿ, ಏರಿಸಿದಾಗ ಪ್ರಕಾಶವಾಗುವುದು ಅದರ ಸಹಜ ಗುಣ. ಅಲ್ಲಿ ಬ್ಯಾಟರಿಯ ಸ್ಥಿತಿ ತಿಳಿಯಲು ಹಾರ್ನ್ ಮತ್ತು ಇಂಡಿಕೇಟರ್ ನೋಡಿ.

ಕಿಡಿಯೇ ಬರದಿದ್ದರೆ?

ಮೊದಲು ಕಿಲ್ ಸ್ವಿಚ್ ಇದ್ದರೆ ಅದನ್ನು ನೋಡಿ. ನಂತರ ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಭಾಗವನ್ನು ಇಂಜಿನ್‌ಗೆ ತಾಗಿಸಿಟ್ಟು ಕಿಕ್ ಮಾಡಿ. ನೀಲಿ ಕಿಡಿ ಬಂದರೆ ಇಗ್ನಿಷನ್ ಸರಿಯಿದೆ, ಪೆಟ್ರೋಲ್ ಕಡೆ ಹುಡುಕಿ. ಪ್ಲಗ್ ಅನ್ನು ಅದರ ತೂತಿನಿಂದ ದೂರ ಇಡಿ, ಅಲ್ಲಿಂದ ಪೆಟ್ರೋಲ್ ಆವಿ ಹೊರಬರುತ್ತದೆ. ಪ್ಲಗ್ ವಯರನ್ನು ಗಾಳಿಯಲ್ಲಿ ತೂಗುಬಿಟ್ಟು ಕಿಕ್ ಮಾಡಬೇಡಿ. ಕಿಡಿಗೆ ದಾರಿ ಸಿಗದಿದ್ದರೆ ಕಾಯಿಲ್ ಅಥವಾ ಸಿಡಿಐ ಒಳಗೇ ಸುಡಬಹುದು.

ಕಿಡಿ ಇಲ್ಲದಿದ್ದರೆ ಈ ಕ್ರಮದಲ್ಲಿ ನೋಡಿ:

1. ಗೊತ್ತಿರುವ ಒಳ್ಳೆಯ ಪ್ಲಗ್ ಹಾಕಿ ನೋಡಿ.
2. ಪ್ಲಗ್ ಕ್ಯಾಪ್ ಮತ್ತು ವಯರ್ ಒರೆಸಿ ಒಣಗಿಸಿ. ಕ್ಯಾಪ್ ಬಿರುಕು ಬಿಟ್ಟಿದ್ದರೆ ಮಳೆಯಲ್ಲಿ ಕಿಡಿ ಹೊರಗೇ ಸೋರುತ್ತದೆ. ಇಂಜಿನ್ ಓಡುವಾಗ ಕತ್ತಲಲ್ಲಿ ನೋಡಿದರೆ ವಯರಿನ ಮೇಲೆ ನೀಲಿ ಗೆರೆ ಕಾಣಬಹುದು. ಮುಟ್ಟಬೇಡಿ.
3. ಆರ್‌ಎಕ್ಸ್‌ನಂತಹ ಸಿಡಿಐ ಬೈಕಿನಲ್ಲಿ ಕೀ ಸ್ವಿಚ್ ಒದ್ದೆಯಾಗಿದೆಯೇ ನೋಡಿ. ಇಲ್ಲಿ "ಆಫ್" ಎಂದರೆ ಸಿಡಿಐ ವಯರನ್ನು ಅರ್ಥ್ ಮಾಡುವುದು. ಸ್ವಿಚ್ ಒಳಗೆ ನೀರು ಹೋದರೆ ಕೀ ಆನ್ ಇದ್ದರೂ ಬೈಕ್ ಆಫ್ ಆದಂತೆಯೇ.
4. ಪಾಯಿಂಟ್ ಬೈಕಾದರೆ ಪಾಯಿಂಟ್ ಶುಚಿ ಮಾಡಿ, ಅಂತರ ನೋಡಿ. ಜಾವಾಗೆ ಸುಮಾರು 0.4 ಮಿಲಿಮೀಟರ್. ಪಾಯಿಂಟ್ ನಡುವೆಯೇ ಜೋರಾಗಿ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಸಂಶಯಿಸಿ.

ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಸ್ಟಾರ್ಟ್ ಆಗುವ ಬೈಕಿನಲ್ಲಿ ಕಾಯಿಲ್ ಅಥವಾ ಕಂಡೆನ್ಸರ್ ಕೈಕೊಟ್ಟಿರಬಹುದು. ಆದರೆ ಟ್ಯಾಂಕ್ ಮುಚ್ಚಳದ ಗಾಳಿತೂತು ಕಟ್ಟಿದರೂ ಹೀಗೇ ಆಗುತ್ತದೆ. ಬೈಕ್ ನಿಂತಾಗ ಮುಚ್ಚಳ ಒಮ್ಮೆ ತೆಗೆದು ನೋಡಿ. ಕೂಡಲೇ ಸ್ಟಾರ್ಟ್ ಆದರೆ ಕಾಯಿಲ್ ಖರ್ಚು ಉಳಿಯಿತು.

ಆಸ್ಪಿರಿನ್ ಮಾತ್ರೆ ಹಾಕಿದರೆ ಬ್ಯಾಟರಿ ಬದುಕುತ್ತದೆಯೇ?

ಇಲ್ಲ. ಬ್ಯಾಟರಿಯ ಆಮ್ಲದಲ್ಲಿ ಆಸ್ಪಿರಿನ್ ಒಡೆದು ಅಸಿಟಿಕ್ ಆಮ್ಲ ಹುಟ್ಟುತ್ತದೆ. ಅದು ಸೀಸದ ಪ್ಲೇಟುಗಳನ್ನು ತಿನ್ನುತ್ತದೆ. ನೀರು ಕಡಿಮೆಯಾದರೆ ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್ ಮಾತ್ರ.

ಮಳೆಗೆ ಮುನ್ನ

ಸಂಜೆ ಚಾರ್ಮಾಡಿ ಘಾಟಿಯಲ್ಲೋ ಕುದುರೆಮುಖ–ಕಳಸ ರಸ್ತೆಯಲ್ಲೋ ಮಂಜಿನ ನಡುವೆ ಬೈಕ್ ಕೈಕೊಟ್ಟರೆ ಹೆಡ್‌ಲೈಟೂ ಇಲ್ಲ, ಹಾರ್ನೂ ಇಲ್ಲ. ತಿರುವಿನಲ್ಲಿ ಬರುವ ಲಾರಿಗೆ ನೀವು ಕಾಣುವುದೂ ಇಲ್ಲ. ಆದ್ದರಿಂದ ಮೇ ತಿಂಗಳಲ್ಲೇ ಪ್ಲಗ್ ಕ್ಯಾಪ್ ಬದಲಿಸಿ, ಕನೆಕ್ಟರ್‌ಗಳನ್ನು ಶುಚಿ ಮಾಡಿಸಿ, ಒಮ್ಮೆ ವೋಲ್ಟೇಜ್ ನೋಡಿಸಿ. ತೋಟಕ್ಕೆ ಔಷಧಿ ಹೊಡೆಯುವ ಪಂಪಿನಿಂದ ಬೈಕ್ ತೊಳೆಯುವಾಗ ಸ್ವಿಚ್, ಕಾಯಿಲ್ ಕಡೆ ನೀರು ಬಿಡಬೇಡಿ. ಸೀಟಿನ ಕೆಳಗೆ ಒಂದು ಪ್ಲಗ್, ಪ್ಲಗ್ ಸ್ಪ್ಯಾನರ್, ಒಂದು ಫ್ಯೂಸ್, ಒಣಬಟ್ಟೆ ಇರಲಿ.

ಒಟ್ಟಿನಲ್ಲಿ: ಬ್ಯಾಟರಿ ವಯರ್ ಕೀಳುವ ಪರೀಕ್ಷೆ ತಪ್ಪು, ಬೈಕಿಗೂ ಹಾನಿ. ಆ ಸಂದೇಶ ನಿಮಗೆ ಬಂದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಮೇಲಿನ ನಾಲ್ಕು ಅಂಕಿಗಳನ್ನು ಕಳಿಸಿ.