ಒಂದೇ ಲಾಗಿನ್, ಎರಡು ಟ್ಯಾಬ್: ಏನಿದು ಸೆಷನ್ ಲಾಕ್?

ಮುಂಬೈ: ಕುರ್ಲಾದಿಂದ ಮಂಗಳೂರಿಗೆ ಹೊರಡುವ ಮತ್ಸ್ಯಗಂಧ ರೈಲಿನ ಟಿಕೆಟ್‌ಗೆ ಒಂದೇ ಬ್ರೌಸರ್‌ನಲ್ಲಿ ಎರಡು ಟ್ಯಾಬ್ ತೆರೆದಿದ್ದೀರಿ ಎಂದುಕೊಳ್ಳಿ. ಸಾಮಾನ್ಯವಾಗಿ ಸರ್ವರ್ ಪಾಲಿಗೆ ಎರಡಕ್ಕೂ ಒಂದೇ ಸೆಷನ್. ಮೊದಲ ಟ್ಯಾಬ್ ಸ್ಲೀಪರ್ ಅಳಿಸಿ ಎಸಿ ಎಂದು ಬರೆದು, ದರ ತಿದ್ದುವ ಮುನ್ನವೇ ಎರಡನೆಯದು ಓದಿದರೆ? ಎಸಿ ಬೋಗಿ, ಸ್ಲೀಪರ್ ದರ!

ಇದನ್ನು ತಡೆಯುವುದೇ ಲಾಕ್. ಒಬ್ಬರು ಬರೆದು ಮುಗಿಸುವವರೆಗೆ ಇನ್ನೊಬ್ಬರು ಕಾಯಬೇಕು. ಪಿಎಚ್‌ಪಿಯಲ್ಲಿ ಸೆಷನ್ ಫೈಲ್‌ಗೆ ತಾನಾಗಿಯೇ ಬೀಗ ಬೀಳುತ್ತದೆ. ಪುಟದ ಕೆಲಸ ಮುಗಿಯುವತನಕ ತೆರೆಯುವುದಿಲ್ಲ. ಒಂದು ಟ್ಯಾಬ್ ತಡವಾದರೆ ಇನ್ನೊಂದೂ ಸುತ್ತುತ್ತಾ ಕೂರುವುದು ಇದರಿಂದಲೇ. ಆದ್ದರಿಂದ ಬೇಕಾದ್ದನ್ನು ಸ್ಥಳೀಯ ವೇರಿಯಬಲ್‌ಗೆ ನಕಲಿಸಿಕೊಂಡು, ಬೀಗ ಬೇಗ ಬಿಡುವುದು ಒಳ್ಳೆಯದು.

ನಕಲಿನಲ್ಲೂ ಮೋಸವಿದೆ. ಕೋಲ್ಡ್‌ಫ್ಯೂಷನ್‌ನಲ್ಲಿ ಸ್ಟ್ರಕ್ಚರ್ ಒಂದನ್ನು ಸುಮ್ಮನೆ '=' ಹಾಕಿ ಕೊಟ್ಟರೆ ಸಿಗುವುದು ಅದರ ವಿಳಾಸ ಮಾತ್ರ; ನಕಲು ತಿದ್ದಿದರೆ ಮೂಲವೂ ಬದಲಾಗುತ್ತದೆ. ಅಲ್ಲಿ 'ಸಿಎಫ್‌ಲಾಕ್' ಒಳಗೆ 'ಡುಪ್ಲಿಕೇಟ್' ಬಳಸಬೇಕು.

ಆದರೆ ಒಂದು ಟ್ಯಾಬ್ ಶುಕ್ರವಾರ ಆರಿಸಿ, ಆಮೇಲೆ ಇನ್ನೊಂದು ಶನಿವಾರ ಆರಿಸಿದರೆ ಲಾಕ್ ಏನೂ ಮಾಡದು, ಕೊನೆಗೆ ಬರೆದದ್ದೇ ಉಳಿಯುತ್ತದೆ. ಅದಕ್ಕೆ ಪ್ರತಿ ಬುಕಿಂಗ್‌ಗೂ ಬೇರೆ ಸಂಖ್ಯೆ ಕೊಟ್ಟು, ವಿವರಗಳನ್ನು ಅದರಡಿ ಪ್ರತ್ಯೇಕವಾಗಿ ಇಡಬೇಕು.